ಶಾಲೆಯ ಡಿಸ್ಕಿಗೆ ಬೀಗ ಬೀಳುವ ಮುನ್ನ

2027ರ ಬೇಸಿಗೆ ರಜೆಯಲ್ಲಿ ಕಾಸರಗೋಡಿನ ಶಾಲಾ ಕಂಪ್ಯೂಟರುಗಳ ಮೇಲೆ ಎರಡು ಗಡುವು ಒಟ್ಟಿಗೆ ಬಂದು ಬೀಳುತ್ತವೆ. ಕೇರಳ ಸರಕಾರದ ಕೈಟ್ ಸಂಸ್ಥೆ ಶಾಲೆಗಳಿಗೆಂದು ಸಿದ್ಧಪಡಿಸಿದ ಕೈಟ್ ಗ್ನೂ ಲಿನಕ್ಸ್ 22.04 ನಿಂತಿರುವುದು ಉಬುಂಟು 22.04ರ ಮೇಲೆ. ಅದರ ಐದು ವರ್ಷಗಳ ಸಾಮಾನ್ಯ ಭದ್ರತಾ ಬೆಂಬಲ ಮುಗಿಯುವುದು ಆ ಹೊತ್ತಿಗೆ. ಇನ್ನೊಂದು ಗಡುವು ಕಾನೂನಿನದು. ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ 2023ರಲ್ಲೇ ಬಂದಿದ್ದರೂ ಅದರ ನಿಯಮಗಳು ಪ್ರಕಟವಾದದ್ದು 2025ರ ನವೆಂಬರಿನಲ್ಲಿ. ಸಂಸ್ಥೆಗಳ ಮೇಲೆ ಹೊಣೆ ಹೊರಿಸುವ ಮುಖ್ಯ ಭಾಗಕ್ಕೆ ಕೊಟ್ಟ 18 ತಿಂಗಳ ಅವಕಾಶ 2027ರ ಮೇ ತಿಂಗಳಲ್ಲಿ ತೀರುತ್ತದೆ. ಜೂನ್ ತಿಂಗಳ ಆರಂಭಕ್ಕೆ ಶಾಲೆ ತೆರೆಯಬೇಕು. ಅಷ್ಟರೊಳಗೆ ಹೊಸ ಆವೃತ್ತಿ ಹಾಕಬೇಕು, ಡಿಸ್ಕನ್ನು ಎನ್‌ಕ್ರಿಪ್ಟ್ ಮಾಡಬೇಕೋ, ಅಂದರೆ ಅದರಲ್ಲಿರುವುದನ್ನು ಗೂಢಲಿಪಿಗೆ ತಿರುಗಿಸಬೇಕೋ ಬೇಡವೋ ಎಂದು ತೀರ್ಮಾನಿಸಬೇಕು.

ಈ ಎರಡನೆಯ ತೀರ್ಮಾನವನ್ನು ಯಾರೂ ಕೂತು ಮಾಡುವುದಿಲ್ಲ, ಅದು ತಾನಾಗಿ ಆಗಿಬಿಡುತ್ತದೆ ಎಂಬುದು ನಮ್ಮ ಆತಂಕ. ಹೊಸ ಆವೃತ್ತಿ ಹಾಕುವಾಗ ಪರದೆಯ ಮೇಲೆ ಒಂದು ಆಯ್ಕೆ ಬರುತ್ತದೆ, ಒಂದು ಟಿಕ್ ಹಾಕಿದರೆ ಇಡೀ ಡಿಸ್ಕ್ ಎನ್‌ಕ್ರಿಪ್ಟ್ ಆಗುತ್ತದೆ. ಆಮೇಲೆ ಕೆಲವು ಯಂತ್ರಗಳು ಏನೂ ಆಗದಂತೆ ಓಡುತ್ತವೆ, ಕೆಲವು ತೆವಳುತ್ತವೆ. ತೆವಳಿದವನ್ನು ಹಳತಾಯಿತೆಂದು ಮೂಲೆಗೆ ಸರಿಸಿ ಹೊಸದಕ್ಕೆ ಅರ್ಜಿ ಹಾಕುತ್ತಾರೆ. ಇಲ್ಲವೇ ರೋಸಿಹೋಗಿ ಎನ್‌ಕ್ರಿಪ್ಶನ್ನನ್ನೇ ಕಿತ್ತು ಹಾಕುತ್ತಾರೆ. ಮೊದಲನೆಯದರಲ್ಲಿ ಸಾರ್ವಜನಿಕರ ದುಡ್ಡು ಪೋಲು, ಎರಡನೆಯದರಲ್ಲಿ ಮಕ್ಕಳ ಮಾಹಿತಿ ಬಯಲು. ಹಾಗೆ ನಿಧಾನವಾಗಲು ಕಾರಣ ಯಂತ್ರದ ವಯಸ್ಸೊಂದೇ ಅಲ್ಲ. ಲಿನಕ್ಸಿನ ತಿರುಳಾದ ಕರ್ನಲಿನ ಒಳಗೆ ಡಿಸ್ಕಿಗೆ ಹೋಗುವ ಪ್ರತಿ ಕೋರಿಕೆಯನ್ನು ಯಾರು, ಯಾವಾಗ, ಪ್ರೊಸೆಸರಿನ ಯಾವ ಕೋರಿನ ಮೇಲೆ ನಿರ್ವಹಿಸುತ್ತಾರೆ ಎಂಬ ಬಹಳ ಹಳೆಯ ಪ್ರಶ್ನೆ ಅದರ ಹಿಂದೆ ಇದೆ.

ಒಂದು ಪ್ರೋಗ್ರಾಂ ಫೈಲನ್ನು ಓದಬೇಕೆಂದಾಗ ಕರ್ನಲ್ ಒಂದು ಕೋರಿಕೆಯನ್ನು ಕಟ್ಟಿ ಡ್ರೈವರಿನ ಕೈಗೆ ಕೊಡುತ್ತದೆ. ಡ್ರೈವರಿಗೆ ಎರಡು ದಾರಿ. ಆ ಗಳಿಗೆಯಲ್ಲೇ, ಕೇಳಿದವನ ಕೋರಿನ ಮೇಲೆಯೇ, ಆದೇಶವನ್ನು ಸಾಧನಕ್ಕೆ ದಾಟಿಸಿ ಕೈತೊಳೆದುಕೊಳ್ಳುವುದು ಒಂದು. ಕೋರಿಕೆಯನ್ನು ಸರದಿಗೆ ಸೇರಿಸಿ, ಮಲಗಿರುವ ಬೇರೊಂದು ಥ್ರೆಡ್ಡನ್ನು, ಅಂದರೆ ತನ್ನಷ್ಟಕ್ಕೆ ಓಡುವ ಕೆಲಸದ ಎಳೆಯನ್ನು, ಎಬ್ಬಿಸಿ, ಉಳಿದದ್ದನ್ನು ಅದಕ್ಕೆ ಬಿಡುವುದು ಇನ್ನೊಂದು. ಬಾಯಾರು, ಪಡ್ರೆ ಕಡೆಯ ತೋಟದವರು ಈ ವ್ಯತ್ಯಾಸವನ್ನು ಚೆನ್ನಾಗಿ ಬಲ್ಲರು. ಗುಡ್ಡದಲ್ಲಿ ಕೊರೆದ ಸುರಂಗದ ನೀರನ್ನು ಪೈಪಿನಲ್ಲಿ ನೇರ ತೋಟಕ್ಕೆ ಬಿಡಬಹುದು, ಅಥವಾ ನಡುವೆ ಟಾಂಕಿಯಲ್ಲಿ ತುಂಬಿಸಿ ಆಮೇಲೆ ಬಿಡಬಹುದು. ಬೇಸಿಗೆಯಲ್ಲಿ ಬೆರಳ ಗಾತ್ರ ಬರುವ ನೀರಿಗೆ ಟಾಂಕಿ ಇಲ್ಲದಿದ್ದರೆ ಸಾಲಿನ ಕೊನೆಯ ಅಡಿಕೆ ಮರಕ್ಕೆ ಹನಿಯೂ ತಲುಪದು. ಜೋರು ಹರಿವಿಗೆ ಅದೇ ಟಾಂಕಿ ಬರೀ ತಡೆ.

ಥ್ರೆಡ್ಡನ್ನು ಎಬ್ಬಿಸಲು ಹಿಡಿಯುವ ಸಮಯ ಮೈಕ್ರೋಸೆಕೆಂಡುಗಳ ಲೆಕ್ಕದ್ದು. ಅದು ಓಡಬೇಕಾದ ಕೋರ್ ವಿದ್ಯುತ್ ಉಳಿಸಲೆಂದು ಆಳವಾದ ನಿದ್ದೆಯಲ್ಲಿದ್ದರೆ ಇನ್ನಷ್ಟು. ಹತ್ತು ಮೈಕ್ರೋಸೆಕೆಂಡ್ ಎಂದೇ ಹಿಡಿಯೋಣ. ನಿಮಿಷಕ್ಕೆ 5,400 ಸುತ್ತು ತಿರುಗುವ ಲ್ಯಾಪ್‌ಟಾಪ್ ಹಾರ್ಡ್ ಡಿಸ್ಕಿನಲ್ಲಿ ಒಂದು ಸುತ್ತಿಗೆ 11 ಮಿಲಿಸೆಕೆಂಡ್. ಬೇಕಾದ ಜಾಗ ಡಿಸ್ಕನ್ನು ಓದುವ ತಲೆಯಡಿಗೆ ಬರಲು ಸರಾಸರಿ ಐದೂವರೆ ಮಿಲಿಸೆಕೆಂಡ್ ಕಾಯಬೇಕು. ಅದರೆದುರು ಹತ್ತು ಮೈಕ್ರೋಸೆಕೆಂಡ್ ಐನೂರರಲ್ಲಿ ಒಂದು ಪಾಲೂ ಅಲ್ಲ. ಆದರೆ ಇಂದಿನ, ತಿರುಗುವ ಭಾಗವಿಲ್ಲದ ಎನ್‌ವಿಎಂಇ ಡಿಸ್ಕ್ ನೂರು ಮೈಕ್ರೋಸೆಕೆಂಡಿನ ಆಸುಪಾಸಿನಲ್ಲೇ ಉತ್ತರ ಕೊಡುತ್ತದೆ. ಅಲ್ಲಿ ಒಂದು ಸಲ ಕೈ ಬದಲಾಯಿಸಿದರೆ ಹತ್ತನೇ ಒಂದು ಪಾಲು ಹೋಯಿತು, ಎರಡು ಸಲ ಬದಲಾಯಿಸಿದರೆ ಐದನೇ ಒಂದು.

ಹಾಗಾದರೆ ಥ್ರೆಡ್ಡೇ ಬೇಡವೆನ್ನಬಹುದೇ? ಅದೂ ಆಗದು. ಎಸ್‌ಡಿ ಕಾರ್ಡು, ಪೆನ್‌ಡ್ರೈವ್‌ಗಳಂಥ ಸಾಧನಗಳ ಜತೆ ಮಾತಾಡುವಾಗ ಡ್ರೈವರ್ ನಡುವೆ ನಿಂತು ಕಾಯಬೇಕಾಗುತ್ತದೆ. ಕಾಯುವುದಕ್ಕೆ ಅವಕಾಶವೇ ಇಲ್ಲದ ಸನ್ನಿವೇಶಗಳು ಕರ್ನಲಿನಲ್ಲಿವೆ; ಅಲ್ಲಿ ನಿಂತರೆ ಇಡೀ ಕೋರೇ ನಿಂತಂತೆ. ಆದ್ದರಿಂದ ಕಾಯುವ ಕೆಲಸ ಥ್ರೆಡ್ಡಿಗೆ ಹೋಗಲೇಬೇಕು. ಅದು ಅಡ್ಡಾದಿಡ್ಡಿಯಾಗಿ ಬಂದ ಕೋರಿಕೆಗಳನ್ನು ಅನುಕ್ರಮಕ್ಕೆ ಜೋಡಿಸಬಲ್ಲದು, ಅಕ್ಕಪಕ್ಕದವನ್ನು ಒಂದಾಗಿಸಬಲ್ಲದು, ಭಾರವನ್ನು ನಾಲ್ಕು ಕೋರಿಗೆ ಹಂಚಬಲ್ಲದು. ಮೌಸ್ ಅಲುಗಾಡದೆ ನಿಲ್ಲುವುದನ್ನೂ ಸದ್ದು ತುಂಡುತುಂಡಾಗುವುದನ್ನೂ ತಪ್ಪಿಸಬಲ್ಲದು.

ಇದನ್ನು ಕಣ್ಣಾರೆ ನೋಡಬೇಕಿದ್ದರೆ ಯಾವುದಾದರೂ ಶಾಲೆಯ ಲ್ಯಾಬಿನಲ್ಲಿ ಒಂದು ಪೆನ್‌ಡ್ರೈವ್ ಚುಚ್ಚಿ, ಟರ್ಮಿನಲ್ ತೆರೆದು, ಓಡುತ್ತಿರುವ ಪ್ರಕ್ರಿಯೆಗಳ ಪಟ್ಟಿ ತೆಗೆಯಿರಿ. ಚೌಕ ಆವರಣದೊಳಗೆ ಯುಎಸ್‌ಬಿ-ಸ್ಟೋರೇಜ್ ಎಂಬ ಹೆಸರು ಸಿಗುತ್ತದೆ. ಆ ಒಂದು ಪೆನ್‌ಡ್ರೈವಿಗೆಂದೇ ಕರ್ನಲ್ ಹುಟ್ಟಿಸಿದ ಥ್ರೆಡ್ ಅದು. ಒಂದು ಸಲಕ್ಕೆ ಒಂದೇ ಆದೇಶ ತೆಗೆದುಕೊಳ್ಳುತ್ತದೆ, ಅದು ಮುಗಿಯದೆ ಮುಂದಿನದನ್ನು ಮುಟ್ಟುವುದಿಲ್ಲ. ವಾರ್ಷಿಕೋತ್ಸವದ ಫೋಟೋಗಳನ್ನು ಕಾಪಿ ಮಾಡಿದ ಹುಡುಗಿಗೆ ಪರದೆಯ ಪಟ್ಟಿ ತುಂಬಿ ಕೆಲಸ ಮುಗಿದಂತೆ ಕಾಣುತ್ತದೆ. ನಿಜದಲ್ಲಿ ಫೋಟೋಗಳು ಇನ್ನೂ ಮೆಮೊರಿಯಲ್ಲಿವೆ. ಬರೆಯಬೇಕಾದ ಪುಟಗಳನ್ನು ಕರ್ನಲ್ ಸಾಮಾನ್ಯವಾಗಿ 30 ಸೆಕೆಂಡಿನವರೆಗೂ ಹಿಡಿದಿಟ್ಟುಕೊಳ್ಳುತ್ತದೆ, ಮತ್ತು ಆ ಒಂಟಿ ಥ್ರೆಡ್ ಅವನ್ನು ಒಂದೊಂದಾಗಿ ಸಾಗಿಸುತ್ತಿರುತ್ತದೆ. ಅಷ್ಟರಲ್ಲಿ ಪೆನ್‌ಡ್ರೈವ್ ಕಿತ್ತರೆ ಅರ್ಧ ಫೋಟೋ. ಒಳಗಿನ ಡಿಸ್ಕಿನ ಕಥೆಯೂ ಇದೇ, ಅಲ್ಲಿ ಕೀಳುವುದು ಕರೆಂಟು. ಆಟಿ ತಿಂಗಳ ಮಳೆಗೆ ಕರೆಂಟು ಹೇಗೆ ಹೋಗುತ್ತದೆಂದು ಮಂಜೇಶ್ವರದಿಂದ ಅಡೂರಿನವರೆಗೆ ಯಾರಿಗೂ ಹೇಳಿಕೊಡಬೇಕಿಲ್ಲ. ಬರೆಯುವ ದಾರಿ ನಿಧಾನವಾದಷ್ಟೂ ಮೆಮೊರಿಯಲ್ಲಿ ಸಿಕ್ಕಿಕೊಂಡಿರುವ ಪಾಲು ದೊಡ್ಡದಾಗುತ್ತದೆ.

ಕರ್ನಲ್ ಬರೆಯುವವರು ಈ ವಿಷಯದಲ್ಲಿ ಇಪ್ಪತ್ತು ವರ್ಷಗಳಿಂದ ಅತ್ತಿಂದಿತ್ತ ತೂಗಿದ್ದಾರೆ. ಸಾಧನ ಪ್ರೊಸೆಸರನ್ನು ತಡೆದು ಕರೆಯುವ ಇಂಟರಪ್ಟಿನ ಕೆಲಸವನ್ನು ಥ್ರೆಡ್ಡಿಗೆ ಬಿಡುವ ಸೌಲಭ್ಯ 2009ರಲ್ಲಿ ಮುಖ್ಯ ಕರ್ನಲಿಗೆ ಬಂತು. 2014ರ ಜನವರಿಯಲ್ಲಿ ಬಂದ 3.13ನೇ ಆವೃತ್ತಿ ಇಡೀ ಡಿಸ್ಕಿಗೆ ಒಂದೇ ಸರದಿ ಎಂಬ ಹಳೆಯ ಏರ್ಪಾಡಿನ ಪಕ್ಕದಲ್ಲೇ ಕೋರಿಗೊಂದು ಸರದಿಯ ದಾರಿ ತೆರೆಯಿತು. ಸಾಟಾ ಡಿಸ್ಕುಗಳ ಎಎಚ್‌ಸಿಐ ಡ್ರೈವರ್ ಥ್ರೆಡ್ಡಿನ ಇಂಟರಪ್ಟನ್ನು ಸ್ವಲ್ಪ ಕಾಲ ಇಟ್ಟುಕೊಂಡು, ವೇಗದ ಡಿಸ್ಕಿಗೆ ಅದು ಹೊರೆಯೆಂದು ಕಂಡು 2016ರ ಹೊತ್ತಿಗೆ ನೇರ ದಾರಿಗೆ ಮರಳಿತು. ಎಸ್‌ಡಿ ಕಾರ್ಡಿನ ಕೋರಿಕೆಗಳಿಗೆಂದೇ ಮೀಸಲಾಗಿದ್ದ ಪ್ರತ್ಯೇಕ ಥ್ರೆಡ್ 2018ರಲ್ಲಿ ಹೋಯಿತು. 2019ರ 5.0ರಲ್ಲಿ ಹಳೆಯ ಒಂಟಿ ಸರದಿಯ ಕೊನೆಯ ಕುರುಹೂ ಅಳಿಯಿತು. ಇತ್ತ 2024ರ ಕೊನೆಯಲ್ಲಿ 6.12ರೊಂದಿಗೆ, ಬಹುತೇಕ ಇಂಟರಪ್ಟುಗಳನ್ನು ಥ್ರೆಡ್ಡಿಗೆ ದೂಡುವ ರಿಯಲ್‌ಟೈಮ್ ಕರ್ನಲ್ ಅಧಿಕೃತವಾಗಿ ಒಳಗೆ ಬಂತು. ಈ ನಿರ್ಧಾರಗಳಲ್ಲಿ ಯಾವುದನ್ನೂ ತಪ್ಪೆನ್ನಲಾಗದು. ಒಂದೊಂದೂ ಒಂದೊಂದು ಬಗೆಯ ಯಂತ್ರವನ್ನು ಎದುರಿಗಿಟ್ಟುಕೊಂಡು ಮಾಡಿದ್ದು. ಆ ಯಂತ್ರಗಳ ಸಾಲಿನಲ್ಲಿ ಪೈವಳಿಕೆಯ ಶಾಲೆಯ ಲ್ಯಾಪ್‌ಟಾಪಿಗೆ ಜಾಗವಿರಲಿಲ್ಲ, ಅಷ್ಟೇ.

ಕಾಸರಗೋಡಿನಿಂದ ರಾತ್ರಿ ಬಸ್ಸು ಹತ್ತಿದರೆ ಬೆಳಗಾಗುವಾಗ ಸಿಗುವ ಬೆಂಗಳೂರಿನಲ್ಲೂ ಈ ಕೆಲಸ ನಡೆಯುತ್ತಿದೆ. ಅಲ್ಲಿನ ಸ್ಯಾಮ್‌ಸಂಗ್ ಪ್ರಯೋಗಾಲಯದ ಕಾಂಚನ್ ಜೋಶಿ ಮತ್ತು ಸಂಗಡಿಗರು ಎನ್‌ವಿಎಂಇ ಡಿಸ್ಕಿಗೆ ನಡುವಿನ ಪದರಗಳನ್ನು ದಾಟಿ ನೇರ ಆದೇಶ ಕಳಿಸುವ ದಾರಿಯನ್ನು 2022ರಲ್ಲಿ 5.19ನೇ ಆವೃತ್ತಿಗೆ ಸೇರಿಸಿದರು. ಅವರ ಎದುರಿರುವುದು ಸೆಕೆಂಡಿಗೆ ಲಕ್ಷಗಟ್ಟಲೆ ಕೋರಿಕೆಗಳ ಲೋಕ, ನಮ್ಮೆದುರಿರುವುದು ಒಂದು ಫೈಲು ತೆರೆಯಲು ಕಾಯುತ್ತಾ ಕೂತ ನಲವತ್ತು ಮಕ್ಕಳ ತರಗತಿ. ಎರಡರ ಅಡಿಯಲ್ಲೂ ಓಡುವುದು ಒಂದೇ ಕರ್ನಲ್.

ಇನ್ನು ಎನ್‌ಕ್ರಿಪ್ಶನ್ನಿನ ವಿಷಯ. ಲಿನಕ್ಸಿನಲ್ಲಿ ಈ ಕೆಲಸ ಮಾಡುವುದು ಡಿಎಂ-ಕ್ರಿಪ್ಟ್. ಅದು 2004ರಲ್ಲಿ ಕರ್ನಲಿಗೆ ಬಂತು, ಅಂದರೆ ಬಹುತೇಕ ಎಲ್ಲ ಡಿಸ್ಕುಗಳೂ ತಿರುಗುತ್ತಿದ್ದ ಕಾಲದಲ್ಲಿ. ಬರೆಯುವ ಕೋರಿಕೆ ಬಂದರೆ ಅದು ಮೊದಲು ಒಂದು ಕೆಲಸಗಾರ ಥ್ರೆಡ್ಡಿಗೆ ಹೋಗಿ ಎನ್‌ಕ್ರಿಪ್ಟ್ ಆಗುತ್ತದೆ, ಆಮೇಲೆ ಇನ್ನೊಂದು ಥ್ರೆಡ್ಡಿಗೆ ಹೋಗಿ ಡಿಸ್ಕಿನ ಅನುಕ್ರಮಕ್ಕೆ ಜೋಡಣೆಯಾಗುತ್ತದೆ, ಕೊನೆಗೆ ಡಿಸ್ಕಿಗೆ ಇಳಿಯುತ್ತದೆ. ಓದುವಾಗ ಡಿಸ್ಕಿನಿಂದ ಬಂದದ್ದು ಮತ್ತೆ ಥ್ರೆಡ್ಡಿನ ಕೈ ಸೇರಿ ಬಿಡಿಸಿಕೊಂಡು ಬರುತ್ತದೆ. 2020ರಲ್ಲಿ ಕ್ಲೌಡ್‌ಫ್ಲೇರ್ ಕಂಪನಿಯ ಇಗ್ನಾಟ್ ಕೋರ್ಚಗಿನ್ ಇದನ್ನು ಮೆಮೊರಿಯಲ್ಲೇ ಮಾಡಿದ ಡಿಸ್ಕಿನ ಮೇಲೆ ಅಳೆದು ನೋಡಿದಾಗ ವೇಗ ಸುಮಾರು ಏಳನೇ ಒಂದು ಪಾಲಿಗೆ ಕುಸಿದಿತ್ತು. ಆ ಕುಸಿತವನ್ನು ಗೂಢಲಿಪಿಯ ಗಣಿತದಿಂದ ಮಾತ್ರ ವಿವರಿಸಲಾಗುತ್ತಿರಲಿಲ್ಲ, ಪ್ರೊಸೆಸರ್ ಅದನ್ನು ಬೇಗ ಮಾಡಬಲ್ಲದಾಗಿತ್ತು. ನಡುವಿನ ಸರದಿಗಳೂ ಹಸ್ತಾಂತರಗಳೂ ದೊಡ್ಡ ಪಾಲು ತಿಂದಿದ್ದವು. ಅವರ ಪ್ರಯತ್ನದಿಂದ ಅದೇ ವರ್ಷ 5.9ನೇ ಆವೃತ್ತಿಯಲ್ಲಿ ಓದಲು ಒಂದು, ಬರೆಯಲು ಒಂದು, ಹೀಗೆ ಎರಡು ಹೊಸ ಆಯ್ಕೆಗಳು ಬಂದವು. ಅವನ್ನು ಹಾಕಿದರೆ ಸರದಿ ಇಲ್ಲ, ಕೆಲಸ ಅಲ್ಲಲ್ಲೇ ಮುಗಿಯುತ್ತದೆ.

ಬರಲಿರುವ ದೊಡ್ಡ ಎಡವಟ್ಟು ಇಲ್ಲಿದೆ ಎಂದು ನಾವು ಎಚ್ಚರಿಸುತ್ತೇವೆ. ಯಂತ್ರ ನಿಧಾನವಾಯಿತು ಎಂದು ಹುಡುಕುವವರಿಗೆ ಈ ಎರಡು ಆಯ್ಕೆಗಳ ಸಲಹೆ ಬಹಳ ಬೇಗ ಸಿಗುತ್ತದೆ. ಒಂದು ಸಾಲು ಬರೆದರೆ ಆಯಿತು, ಎಲ್ಲ ಶಾಲೆಗೂ ಹಂಚಬಹುದು. ಹೊಸ ಎನ್‌ವಿಎಂಇ ಡಿಸ್ಕ್ ಮತ್ತು ಗೂಢಲಿಪಿಯ ಲೆಕ್ಕವನ್ನು ತಾನೇ ಮಾಡುವ ಪ್ರೊಸೆಸರ್ ಇದ್ದಲ್ಲಿ ಆ ಸಾಲು ಒಳ್ಳೆಯದನ್ನೇ ಮಾಡೀತು. ತಿರುಗುವ ಡಿಸ್ಕಿಗೆ ಅದನ್ನೇ ಹಾಕಿದರೆ ಬರೆಯುವ ಥ್ರೆಡ್ ಮಾಡುತ್ತಿದ್ದ ಜೋಡಣೆ ತಪ್ಪಿಹೋಗುತ್ತದೆ, ತಲೆ ಅತ್ತಿತ್ತ ಓಡಾಡುವುದು ಹೆಚ್ಚಾಗಬಹುದು. ಗೂಢಲಿಪಿಯ ಆದೇಶಗಳಿಲ್ಲದ ಪ್ರೊಸೆಸರಿನಲ್ಲಂತೂ ನಷ್ಟ ಇಮ್ಮಡಿ. ಮೊದಲು ಎಲ್ಲ ಕೋರುಗಳಿಗೆ ಹಂಚಿಹೋಗುತ್ತಿದ್ದ ಲೆಕ್ಕ ಈಗ ಕೇಳಿದ ಒಂದೇ ಕೋರಿನ ಮೇಲೆ ಕೂರುತ್ತದೆ, ಅದೂ ಕೆಲವೊಮ್ಮೆ ಇಂಟರಪ್ಟಿನ ಹೊತ್ತಿನಲ್ಲಿ, ಬೇರೆ ಯಾರಿಗೂ ಜಾಗ ಬಿಡದೆ. ಆ ಆಯ್ಕೆಗಳು ಬಂದ ಹೊಸದರಲ್ಲಿ ಇಂಟರಪ್ಟಿನ ನಡುವೆ ಕಾಯಲು ಹೋಗಿ ಸಿಕ್ಕಿಬೀಳುವ ದೋಷಗಳು ಕಂಡುಬಂದು, 2021ರಲ್ಲಿ ತಿದ್ದುಪಡಿ ಮಾಡಬೇಕಾಯಿತು ಎಂಬುದನ್ನೂ ನೆನಪಿಡಬೇಕು.

ನಮ್ಮ ಶಾಲೆಗಳಲ್ಲಿರುವುದು ಒಂದೇ ತಲೆಮಾರಿನ ಯಂತ್ರಗಳಲ್ಲ. 2001ರಲ್ಲಿ ಐಟಿ@ಸ್ಕೂಲ್ ಹೆಸರಿನಲ್ಲಿ ಶುರುವಾದ ಯೋಜನೆ 2017ರಲ್ಲಿ ಕೈಟ್ ಆಯಿತು. 2018ರಲ್ಲಿ ರಾಜ್ಯದ 4,752 ಶಾಲೆಗಳ 45,000 ತರಗತಿಗಳನ್ನು ಹೈಟೆಕ್ ಮಾಡುವ ಕೆಲಸ ನಡೆಯಿತು. ಆ ಸುತ್ತಿನಲ್ಲಿ ಬಂದ ಲ್ಯಾಪ್‌ಟಾಪುಗಳು 2027ಕ್ಕೆ ಒಂಬತ್ತು ವರ್ಷ ಕಂಡಿರುತ್ತವೆ. ಅದಕ್ಕೂ ಹಿಂದಿನ ಡೆಸ್ಕ್‌ಟಾಪುಗಳೂ ಕೆಲವು ಲ್ಯಾಬುಗಳಲ್ಲಿ ಉಸಿರಾಡುತ್ತಿವೆ. 2012ರ ಆಸುಪಾಸಿನ ಐ3 ಪ್ರೊಸೆಸರುಗಳಲ್ಲಿ ಹೆಚ್ಚಿನವಕ್ಕೆ ಗೂಢಲಿಪಿಯ ಆದೇಶಗಳಿಲ್ಲ. ಆಮೇಲಿನ ತಲೆಮಾರಿನಲ್ಲಿ ಬಂದವು. ರಾಸ್ಪ್‌ಬೆರಿ ಪೈ 4ರಲ್ಲಿ ಇಲ್ಲ, 2023ರ ಪೈ 5ರಲ್ಲಿ ಇವೆ. ನೋಡುವುದು ಕಷ್ಟವೇನಲ್ಲ. ಟರ್ಮಿನಲಿನಲ್ಲಿ ಎಲ್‌ಎಸ್‌ಸಿಪಿಯು ಎಂದು ಬರೆದರೆ ಬರುವ ಉದ್ದನೆಯ ಸಾಲಿನಲ್ಲಿ ಎಇಎಸ್ ಎಂಬ ಮೂರಕ್ಷರ ಇದೆಯೋ ಇಲ್ಲವೋ ಅಷ್ಟೇ. ಶಾಲೆಯ ಐಟಿ ಕ್ಲಬ್ಬಾದ ಲಿಟ್ಲ್ ಕೈಟ್ಸ್ ಘಟಕದ ಒಂಬತ್ತನೆಯ ತರಗತಿಯ ಮಕ್ಕಳು ಒಂದು ಪೀರಿಯಡ್ಡಿನಲ್ಲಿ ಇಡೀ ಲ್ಯಾಬಿನ ಪಟ್ಟಿ ಮಾಡಬಲ್ಲರು.

ಮೆಮೊರಿ ಕಡಿಮೆ ಇರುವ ಯಂತ್ರಗಳಿಗೆ ಇನ್ನೊಂದು ಗಂಡಾಂತರ. ನಾಲ್ಕು ಜಿಬಿಯಲ್ಲಿ ಬ್ರೌಸರ್, ಆಫೀಸ್, ಜಿಂಪ್ ಮೂರನ್ನೂ ತೆರೆದರೆ ಕರ್ನಲ್ ಮೆಮೊರಿಯ ಪುಟಗಳನ್ನು ಡಿಸ್ಕಿಗೆ ಸರಿಸತೊಡಗುತ್ತದೆ. ಡಿಸ್ಕ್ ಎನ್‌ಕ್ರಿಪ್ಟ್ ಆಗಿದ್ದರೆ ಸರಿಸುವುದಕ್ಕೆ ಮುನ್ನ ಗೂಢಲಿಪಿ ಮಾಡಬೇಕು, ಅದಕ್ಕೆ ಮತ್ತೆ ಮೆಮೊರಿ ಬೇಕು. ಈ ಸಿಕ್ಕು ಬಿಗಿದು ಯಂತ್ರ ಸತ್ತೇಹೋಗದಿರಲೆಂದು ಕರ್ನಲ್ ಸ್ವಲ್ಪ ಮೆಮೊರಿಯನ್ನೂ ಒಂದು ಆಪತ್ಕಾಲದ ಥ್ರೆಡ್ಡನ್ನೂ ಮೀಸಲಿಟ್ಟಿರುತ್ತದೆ. ಸಾಯುವುದಿಲ್ಲ ನಿಜ, ಆದರೆ ಆ ಒಂದು ಥ್ರೆಡ್ಡಿನ ಹಿಂದೆ ಎಲ್ಲವೂ ಸಾಲುಗಟ್ಟಿ ನಿಲ್ಲುತ್ತದೆ. ಎಸ್‌ಎಸ್‌ಎಲ್‌ಸಿಯ ಐಟಿ ಪ್ರಾಯೋಗಿಕ ಪರೀಕ್ಷೆಗೆ ಕೂತ ಮಗುವಿಗೆ ಕಾಣುವುದು ಅಲುಗಾಡದ ಪರದೆ ಮತ್ತು ಓಡುತ್ತಿರುವ ಗಡಿಯಾರ.

ಹಾಗೆಂದು ಎನ್‌ಕ್ರಿಪ್ಶನ್ನೇ ಬೇಡವೆಂದು ಹೇಳುವವರು ನಾವಲ್ಲ. ಮಾಹಿತಿಯ ರಕ್ಷಣೆಯಲ್ಲಿ ತಪ್ಪಿದರೆ 250 ಕೋಟಿ ರೂಪಾಯಿವರೆಗೆ ದಂಡ ಹಾಕಲು ಕಾಯ್ದೆಯಲ್ಲಿ ಅವಕಾಶವಿದೆ. ನಿಯಮಗಳು ಎನ್‌ಕ್ರಿಪ್ಶನ್ನಿನಂಥ ಕ್ರಮಗಳನ್ನು ಹೆಸರಿಟ್ಟು ಹೇಳುತ್ತವೆ. ದಂಡಕ್ಕಿಂತ ದೊಡ್ಡ ಕಾರಣ ಈ ಜಿಲ್ಲೆಗಿದೆ. ಎಂಡೋಸಲ್ಫಾನ್ ಕೀಟನಾಶಕದಿಂದ ಬಾಧಿತವಾದ ಮನೆಗಳಲ್ಲಿ ಮಗುವಿನ ಕಾಯಿಲೆ, ಅಂಗವೈಕಲ್ಯ, ಸಂತ್ರಸ್ತರ ಪಟ್ಟಿಯಲ್ಲಿ ಹೆಸರಿದೆಯೋ ಇಲ್ಲವೋ ಎಂಬುದು ಬದುಕಿನ ಪ್ರಶ್ನೆ. ಸುಪ್ರೀಂ ಕೋರ್ಟು 2017ರಲ್ಲಿ ಐದು ಲಕ್ಷ ರೂಪಾಯಿ ಪರಿಹಾರ ಕೊಡಲು ಆದೇಶಿಸಿದ ಮೇಲೂ ಕಾಗದಗಳನ್ನು ಹಿಡಿದು ಅಲೆದವರ ಊರು ಇದು. ಅಂಥ ಮಕ್ಕಳ ವಿವರವಿರುವ ಕಚೇರಿಯ ಲ್ಯಾಪ್‌ಟಾಪ್ ಕಳುವಾದರೆ ಡಿಸ್ಕ್ ಬಿಚ್ಚಿ ಓದಲು ಯಾವ ಪಾಸ್‌ವರ್ಡೂ ಅಡ್ಡಬರುವುದಿಲ್ಲ. ಎನ್‌ಕ್ರಿಪ್ಶನ್ ಮಾತ್ರ ಅಡ್ಡಬರುತ್ತದೆ.

ಆದ್ದರಿಂದ ಎಲ್ಲಕ್ಕೂ ಒಂದೇ ಆದೇಶ ಬೇಡ ಎಂಬುದು ನಮ್ಮ ನಿಲುವು. ಮಕ್ಕಳ ವಿವರ ಇರುವ ಕಚೇರಿಯ ಯಂತ್ರವನ್ನು ಎನ್‌ಕ್ರಿಪ್ಟ್ ಮಾಡಲೇಬೇಕು. ಒಳ್ಳೆಯ ಪ್ರೊಸೆಸರೂ ಎಸ್‌ಎಸ್‌ಡಿಯೂ ಇರುವ ಯಂತ್ರವನ್ನು ಅದಕ್ಕೆಂದೇ ಎತ್ತಿಡಬೇಕು. ಲ್ಯಾಬಿನ ಯಂತ್ರಗಳಲ್ಲಿ ವೈಯಕ್ತಿಕ ಮಾಹಿತಿ ಇರುವುದೇ ಸರಿಯಲ್ಲ. ಇಲ್ಲದ ಮೇಲೆ ಇಡೀ ಡಿಸ್ಕಿಗೆ ಬೀಗ ಹಾಕಿ ಹಳೆಯ ಪ್ರೊಸೆಸರನ್ನು ದಣಿಸುವ ಅಗತ್ಯವೂ ಇಲ್ಲ. ಗೂಢಲಿಪಿಯ ಆದೇಶಗಳಿಲ್ಲದ ಯಂತ್ರವನ್ನು ಎನ್‌ಕ್ರಿಪ್ಟ್ ಮಾಡಲೇಬೇಕಾಗಿ ಬಂದರೆ, ಅಗ್ಗದ ಫೋನುಗಳಿಗೆಂದು ಗೂಗಲ್ 2018ರಲ್ಲಿ ರೂಪಿಸಿದ ಅಡಿಯಾಂಟಮ್ ವಿಧಾನ 5.0ರಿಂದ ಕರ್ನಲಿನಲ್ಲೇ ಇದೆ, ಅದನ್ನು ಪರೀಕ್ಷಿಸಿ ನೋಡಬೇಕು. ತಿರುಗುವ ಡಿಸ್ಕ್ ಇರುವಲ್ಲಿ ಸರದಿಗಳನ್ನು ಮುಟ್ಟಬಾರದು. ಸರದಿ ತಪ್ಪಿಸುವ ಆಯ್ಕೆಯನ್ನು ಅಳೆದು ನೋಡಿದ ಯಂತ್ರಕ್ಕೆ ಮಾತ್ರ ಹಾಕಬೇಕು.

ಅಳೆಯುವವರು ಯಾರು? ಪೊವ್ವಲಿನಲ್ಲಿ ಎಲ್‌ಬಿಎಸ್ ಎಂಜಿನಿಯರಿಂಗ್ ಕಾಲೇಜು ಇದೆ, ಪೆರಿಯದಲ್ಲಿ ಕೇಂದ್ರೀಯ ವಿಶ್ವವಿದ್ಯಾಲಯ ಇದೆ. ಅಂತಿಮ ವರ್ಷದ ಪ್ರಾಜೆಕ್ಟಿಗೆ ವಿಷಯ ಹುಡುಕುವ ವಿದ್ಯಾರ್ಥಿಗಳಿಗೆ ಇದಕ್ಕಿಂತ ನೆಲದ ವಿಷಯ ಸಿಗದು. ಜಿಲ್ಲೆಯ ಶಾಲೆಗಳಲ್ಲಿರುವ ಮುಖ್ಯ ಮಾದರಿಗಳಲ್ಲಿ ಒಂದೊಂದನ್ನು ತಂದು, ಎನ್‌ಕ್ರಿಪ್ಶನ್ ಇಲ್ಲದೆ, ಎನ್‌ಕ್ರಿಪ್ಶನ್ ಇಟ್ಟು, ಸರದಿ ತೆಗೆದು, ಹೀಗೆ ಮೂರು ಬಗೆಯಲ್ಲಿ ನೋಡಬೇಕು. ಎಫ್‌ಐಒ ಎಂಬ ಉಚಿತ ಸಾಧನ ಇದಕ್ಕೆ ಸಾಕು, ಪ್ರೊಸೆಸರಿನ ಶಕ್ತಿಗೆ ಕ್ರಿಪ್ಟ್‌ಸೆಟಪ್‌ನ ಬೆಂಚ್‌ಮಾರ್ಕ್ ಇದೆ. ಸರಾಸರಿ ವೇಗ ಬರೆದುಕೊಂಡು ಸುಮ್ಮನಾಗಬಾರದು. ನೂರರಲ್ಲಿ ಅತಿ ನಿಧಾನವಾದ ಒಂದು ಕೋರಿಕೆ ಎಷ್ಟು ಹೊತ್ತು ಹಿಡಿಯಿತು ಎಂಬುದೇ ಮುಖ್ಯ, ತರಗತಿಯನ್ನು ನಿಲ್ಲಿಸುವುದು ಅದೇ. ಮೆಮೊರಿ ತುಂಬಿದಾಗ ಒಮ್ಮೆ, ಪೆನ್‌ಡ್ರೈವಿಗೆ ಕಾಪಿ ನಡೆಯುತ್ತಿರುವಾಗ ಒಮ್ಮೆ ಅಳೆಯಬೇಕು.

ಫಲಿತಾಂಶವನ್ನು ಕೈಟ್ ಸಂಸ್ಥೆ ಶಾಲೆಗಳಿಗೆ ಕಳಿಸುವ ಸೂಚನಾ ಹಾಳೆಯಾಗಿ ಮಾಡಬೇಕು. ಮಂಜೇಶ್ವರ, ಕುಂಬಳೆ, ಕಾಸರಗೋಡು ಉಪಜಿಲ್ಲೆಗಳ ಕನ್ನಡ ಮಾಧ್ಯಮದ ಅಧ್ಯಾಪಕರಿಗೆ ಆ ಹಾಳೆ ಕನ್ನಡದಲ್ಲೇ ತಲುಪಬೇಕು. ಪಾಠಪುಸ್ತಕ ಕನ್ನಡದಲ್ಲಿ ಕೊಟ್ಟು, ಯಂತ್ರದ ಡಿಸ್ಕನ್ನೇ ಅಳಿಸಿ ಬರೆಯುವ ಸೂಚನೆಯನ್ನು ಮಲಯಾಳದಲ್ಲಿ ಮಾತ್ರ ಕೊಟ್ಟರೆ, ಒಂದು ಹೆಜ್ಜೆ ತಪ್ಪಿದರೂ ವರ್ಷಗಳ ಕೆಲಸ ಹೋಗುತ್ತದೆ. ಎನ್‌ಕ್ರಿಪ್ಟ್ ಮಾಡಿದ ಡಿಸ್ಕಿನ ಪಾಸ್‌ಫ್ರೇಸ್ ಮರೆತರೆ ತೆರೆದುಕೊಡುವವರು ಯಾರೂ ಇಲ್ಲ ಎಂಬ ಮಾತಂತೂ ಅಧ್ಯಾಪಕರಿಗೆ ಅವರ ಭಾಷೆಯಲ್ಲೇ, ದೊಡ್ಡ ಅಕ್ಷರದಲ್ಲಿ ತಿಳಿಯಬೇಕು.

ಇದೆಲ್ಲ ರಜೆಯಲ್ಲಿ ಮಾಡಿದರಾಯಿತು ಎಂದು ಕೂರುವಂತಿಲ್ಲ. ಅಳತೆ 2026ರ ಡಿಸೆಂಬರಿನೊಳಗೆ ಮುಗಿದಿರಬೇಕು. ಜನವರಿ ಬಂತೆಂದರೆ ಐಟಿ ಪ್ರಾಯೋಗಿಕ ಪರೀಕ್ಷೆಯ ತಯಾರಿ. ಆಮೇಲೆ ಪರೀಕ್ಷೆ ಮುಗಿಯುವವರೆಗೆ ಲ್ಯಾಬಿನ ಒಂದು ಯಂತ್ರವನ್ನೂ ಯಾರೂ ಮುಟ್ಟಲು ಬಿಡುವುದಿಲ್ಲ, ಬಿಡಲೂಬಾರದು.